ಮುಚ್ಚಿದ ಬಾವಿಗೊಂದು ಪೈಪು

ಕುಂದಾಪುರದ ರಸ್ತೆ ಅಗಲೀಕರಣದಲ್ಲಿ ನಾನು ಸೈಟ್ ಇಂಜಿನಿಯರ್. ರಸ್ತೆಯಂಚಿಗೆ ಸೇರಿದ ಹಳೇ ಬಾವಿಯೊಂದಕ್ಕೆ ಮಣ್ಣು ತುಂಬಿಸಿ ರೋಲರ್ ಓಡಿಸಿದೆವು. ಊಟ ಮುಗಿಸಿ ಬರುವಷ್ಟರಲ್ಲಿ ಮಣ್ಣು ಬಾವಿಯಷ್ಟೇ ದುಂಡಗೆ, ಮೊಣಕಾಲುದ್ದ ಕುಸಿದಿತ್ತು. ಮತ್ತೆ ತುಂಬಿಸಿದೆವು. ಮತ್ತೆ ಅದೇ. ಡಾಂಬರು ಎರಡು ವಾರ ತಡವಾಯಿತು. ಹೆಚ್ಚುವರಿ ಮಣ್ಣಿನ ಖರ್ಚಿಗೆ ಕಾರಣ ಕೊಡಿ ಎಂದು ಮೇಲಧಿಕಾರಿ ಗದರಿದರು.

ಅಲ್ಲೇ ಮೀನು ಮಾರುವ ಗಿರಿಜಕ್ಕ ಬುಟ್ಟಿ ಇಳಿಸದೆಯೇ ಕೇಳಿದರು: “ಹ್ವಾಯ್, ಬಾವಿ ಮುಚ್ಚುವತಿಗೆ ಉಸ್ರಾಡುಕೆ ಪೈಪ್ ಇಟ್ಟಿದ್ರ್ಯಾ?”

“ಬಾವಿ ಎಂತ ಉಸಿರಾಡುದು ಅಕ್ಕ?”

“ಜೀವ ಇಪ್ಪ್ ಬಾವಿ ಅದ್. ಉಸ್ರ್ ಕಟ್ಟಿರೆ ಸುಮ್ನಿರತ್ತಾ?”

ನಾಚಿಕೊಂಡೇ ಮಣ್ಣು ತೆಗೆಸಿ, ಪೈಪು ನಿಲ್ಲಿಸಿ, ಮತ್ತೆ ತುಂಬಿಸಿದೆ. ಆಮೇಲೆ ನೆಲ ಕದಲಲಿಲ್ಲ.

ತಪಾಸಣೆಗೆ ಬಂದ ಮೇಲಧಿಕಾರಿ, “ಇದೆಂಥ ಪೈಪು? ಎಸ್ಟಿಮೇಟಿನಲ್ಲಿಲ್ಲವಲ್ಲ!” ಎಂದರು. ಇದ್ದದ್ದನ್ನು ಹೇಳಿದೆ. ಅವರು ನಗುತ್ತಲೇ ಬಗ್ಗಿ ಪೈಪಿಗೆ ಕಿವಿಯಿಟ್ಟರು. ನಗು ಅಲ್ಲೇ ನಿಂತಿತು. ಎದ್ದವರು ಒದ್ದೆಯಾದ ಕಿವಿಯನ್ನು ಕರ್ಚೀಫಿನಿಂದ ಒರೆಸಿಕೊಂಡು, ನನ್ನ ಕಡೆ ನೋಡದೆ ಹೆಚ್ಚುವರಿ ಖರ್ಚಿನ ಕಡತಕ್ಕೆ ಸಹಿ ಹಾಕಿದರು.

ಏನು ಕೇಳಿಸಿತೆಂದು ನಾನು ಕೇಳಲಿಲ್ಲ. ಸಹಿ ಬಿದ್ದ ಕಡತಕ್ಕೆ ಕಾರಣ ಕೇಳುವ ಪದ್ಧತಿ ನಮ್ಮಲ್ಲಿಲ್ಲ.