ಬೈಕಿನ ಸಾಲಕ್ಕೆ ನಮ್ಮ ಓಣಿಯ ಸಾಕ್ಷಿ

ಟೈ ಕಟ್ಟಿಕೊಂಡು ಸಿಟಿ ಬಸ್ಸಿನಲ್ಲಿ ಜೋತಾಡುವವನಿಗಿಂತ ನಗೆಪಾಟಲಿನ ಪ್ರಾಣಿ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕೆಲವು ತಿಂಗಳು ನಾನು ಆ ಪ್ರಾಣಿಯಾಗಿದ್ದೆ. ಔಷಧ ಕಂಪನಿಯೊಂದರ ಪ್ರತಿನಿಧಿಯ ಕೆಲಸ. ವೈದ್ಯರನ್ನು ಕಂಡು, ನಮ್ಮ ಗುಳಿಗೆಯ ಗುಣಗಾನ ಮಾಡಿ, ಸ್ಯಾಂಪಲ್ಲು ಮೇಜಿನ ಮೇಲಿಟ್ಟು ಬರಬೇಕು. ಬೆಳಿಗ್ಗೆ ಧಾರವಾಡ, ಮಧ್ಯಾಹ್ನ ಹುಬ್ಬಳ್ಳಿಗೆ ಮರಳಿ ವಿದ್ಯಾನಗರದ ಆಸ್ಪತ್ರೆಗಳು, ವಾರಕ್ಕೊಮ್ಮೆ ಸುಳ್ಳ ಎಂಬ ಹಳ್ಳಿಯ ಕಡೆ. ನಡುದಾರಿಯ ರಾಯಾಪುರದ ಹತ್ತಿರ ಬಸ್ಸು ಕೆಟ್ಟು ನಿಂತಿತೆಂದರೆ ವಿದ್ಯಾನಗರದ ವೈದ್ಯರು ಊಟಕ್ಕೆ ಎದ್ದು ಹೋಗಿರುತ್ತಿದ್ದರು. ಬೇರೆ ಕಂಪನಿಗಳ ಹುಡುಗರು ಬೈಕಿನ ಮೇಲೆ ಬಂದು, ಕೆಲಸ ಮುಗಿಸಿ, ಗಾಡಿಯ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿರುವಾಗ ನಾನು ಬೆವರಿನಲ್ಲಿ ತೊಯ್ದು ಗೇಟಿನೊಳಗೆ ಕಾಲಿಡುತ್ತಿದ್ದೆ.

ನಮ್ಮ ಮ್ಯಾನೇಜರ್ ಸಿಟ್ಟಿನ ಮನುಷ್ಯನಲ್ಲ. ಅದೇ ತೊಂದರೆ. ಅವರು ಬೈದಿದ್ದರೆ ನಾನೂ ಮನಸ್ಸಿನಲ್ಲೇ ತಿರುಗಿ ಬೈದು ಹಗುರಾಗಬಹುದಿತ್ತು. ಒಂದು ದಿನ ಚಹಾ ಕುಡಿಸಿ ಹೇಳಿದರು: "ಗಾಡಿ ಇಲ್ದ ಈ ಕೆಲಸ ಆಗೂದಿಲ್ಲ ನೋಡ್ರಿ. ಪ್ರೊಬೇಷನ್ ಮುಗಿಯೂದ್ರಾಗ ಒಂದು ತಗೊಂಡುಬಿಡ್ರಿ, ಕೆಲಸ ಪಕ್ಕಾ ಮಾಡಿಸ್ತೇನಿ. ಇಲ್ಲಾಂದ್ರ ನನ್ನ ಕೈಯಾಗ ಏನೂ ಇಲ್ಲ."

ನಮ್ಮ ಮನೆಯಲ್ಲಿ ಪಕ್ಕಾ ಎಂಬ ಮಾತು ಕೇಳಿ ಬಹಳ ಕಾಲವಾಗಿತ್ತು. ಅಪ್ಪ ದುಡಿಯುತ್ತಿದ್ದ ಗಿರಣಿ ಮುಚ್ಚಿತು, ಅದರ ಹಿಂದೆಯೇ ಅಪ್ಪನೂ ತೀರಿಕೊಂಡ. ಅವ್ವ ಊರಮಂದಿಗೆ ಶಾವಿಗೆ ಹೊಸೆದುಕೊಟ್ಟು ಮನೆ ನಡೆಸುತ್ತಿದ್ದಳು. ಕೂತು ಕೂತು ಅವಳ ಸೊಂಟ ಹಿಡಿದುಹೋಗಿತ್ತು. ಕೆಲಸ ಪಕ್ಕಾ ಆದರೆ ಅವಳನ್ನು ಆ ಶಾವಿಗೆ ಮಣೆಯಿಂದ ಎಬ್ಬಿಸಬೇಕು, ಅಷ್ಟೇ ನನ್ನ ಆಸೆ. ಅದಕ್ಕಿಂತ ದೊಡ್ಡದನ್ನು ಆಸೆಪಡುವ ಧೈರ್ಯ ನನಗೆ ಇರಲಿಲ್ಲ.

ಬ್ಯಾಂಕಿನವರು ಸರಕಾರಿ ನೌಕರನ ಜಾಮೀನು ಕೇಳಿದರು. ನಮ್ಮ ಬಳಗದಲ್ಲಿ ಅಂಥವರಿದ್ದರೆ ನಾನೇಕೆ ಬಸ್ಸಿನಲ್ಲಿ ಜೋತಾಡುತ್ತಿದ್ದೆ? ಕೊನೆಗೆ ವಿದ್ಯಾನಗರದಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ಸಾಲದ ಕಂಪನಿಗೆ ಹೋದೆ. ಅಲ್ಲಿಯವರು ನಗುನಗುತ್ತ ಕೂರಿಸಿ ಮಾತಾಡಿದರು. ಕಾಗದಪತ್ರ ಸರಿಯಿದೆ, ಇನ್ನು ನಮ್ಮವನೊಬ್ಬ ಬಂದು ಮನೆ ನೋಡುತ್ತಾನೆ, ಅಕ್ಕಪಕ್ಕದವರನ್ನು ಒಂದು ಮಾತು ಕೇಳುತ್ತಾನೆ, ಮುಗಿಯಿತು, ಅಂದರು. ಅಕ್ಕಪಕ್ಕ ಅಂದಕೂಡಲೇ ನನಗೆ ಧೈರ್ಯ ಬಂತು. ಆ ಒಂದು ವಿಷಯದಲ್ಲಿ ನನ್ನಷ್ಟು ಶ್ರೀಮಂತ ಹುಬ್ಬಳ್ಳಿಯಲ್ಲಿ ಯಾರಿದ್ದರು!

ಆದರೆ ಗಿರಣಿ ಮುಚ್ಚಿದ ಮೇಲೆ ನಮ್ಮ ಓಣಿ ಒಂದು ವಿದ್ಯೆ ಕಲಿತಿತ್ತು. ಬೂಟು ಹಾಕಿ ಬ್ಯಾಗು ಹಿಡಿದ ಅಪರಿಚಿತ ಬಂದು ಯಾರ ಹೆಸರು ಕೇಳಿದರೂ ಅಂಥವರು ಇಲ್ಲಿಲ್ಲ ಎಂದುಬಿಡುವುದು. ಕಂತಿನ ಮೇಲೆ ತಂದ ಟಿವಿ, ಫ್ಯಾನು, ಹೊಲಿಗೆ ಯಂತ್ರಗಳನ್ನು ಹೊತ್ತೊಯ್ಯಲು ಬರುವವರು ಹಾಗೆಯೇ ಬರುತ್ತಿದ್ದರು. ಜಗಳಾಡಿ ಮಾತು ಬಿಟ್ಟ ಮನೆಗಳೂ ಈ ಒಂದು ವಿಷಯದಲ್ಲಿ ಒಂದಾಗಿದ್ದವು. ನಾನು ಮೊದಲ ದಿನ ಟೈ ಕಟ್ಟಿ ಹೊರಬಿದ್ದಾಗ ಹಿಂದಿನ ಓಣಿಯ ಸಣ್ಣ ಹುಡುಗಿಯೊಂದು ನಾನು ಬಾಯಿ ತೆರೆಯುವ ಮೊದಲೇ "ಅಪ್ಪಾ ಊರಾಗಿಲ್ರಿ" ಅಂದುಬಿಟ್ಟಿತ್ತು. ಅಂದು ನಕ್ಕಿದ್ದೆ. ನಕ್ಕವನಿಗೆ ಓಣಿಯವರಿಗೊಂದು ಮಾತು ಮೊದಲೇ ಹೇಳಿಡಬೇಕೆಂಬ ಬುದ್ಧಿ ಮಾತ್ರ ಬರಲಿಲ್ಲ.

ಸಾಲದ ಕಂಪನಿಯವನು ಬಂದಾಗ ನಾನು ಧಾರವಾಡದಲ್ಲಿದ್ದೆ, ಅವ್ವ ಶಾವಿಗೆ ಮುಟ್ಟಿಸಲು ಹೋಗಿದ್ದಳು. ಸಂಜೆ ಬಂದರೆ ಎದುರು ಮನೆಯ ಆಯಿ ಕಟ್ಟೆಯ ಮೇಲೆ ನನ್ನ ದಾರಿ ಕಾಯುತ್ತ ಕೂತಿದ್ದಳು. ನನ್ನನ್ನು ಎತ್ತಿ ಆಡಿಸಿದ ಮುದುಕಿ ಅವಳು.

"ತಮ್ಮಾ, ಒಬ್ಬಾಂವ ನಿನ್ನ ಹೆಸರು ಕೇಳ್ಕೋತ ಬಂದಿದ್ದ ನೋಡು," ಎಂದು ದನಿ ತಗ್ಗಿಸಿದಳು. "ಅಂಥಾವ್ರು ಇಲ್ಲೆ ಯಾರೂ ಇಲ್ಲ ಅಂದೆ. ಮಗ್ಗಲ ಮನಿಯಾಕಿ ಬೆಳಗಾವಿ ಕಡೆ ಹೋಗ್ಯಾರಂತ ಅಂತ ಬ್ಯಾರೆ ಸೇರಿಸಿದ್ಲು. ಪತ್ತೇನ ಹತ್ತಗೊಡಲಿಲ್ಲ. ನೀ ಏನೂ ಹೆದರಬ್ಯಾಡ."

ಅವಳ ಮುಖದಲ್ಲಿ ಎಂಥ ಹೆಮ್ಮೆ! ನಾನು ಬ್ಯಾಗು ಕೆಳಗಿಟ್ಟು ಅವಳ ಪಕ್ಕದಲ್ಲೇ ಕೂತೆ. ದಣಿದು ಬಂದಿದ್ದೇನೆಂದುಕೊಂಡು ಆಯಿ ಒಳಗಿನಿಂದ ಚುರುಮುರಿ ತಂದುಕೊಟ್ಟಳು. ತಿಂದೆ.

ಮರುದಿನ ಸಾಲದ ಕಂಪನಿಗೆ ಓಡಿದೆ. "ಆ ಮನಿಯಾಗ ನೀವು ಇಲ್ಲ ಅಂತ ರಿಪೋರ್ಟ್ ಬಂದೈತ್ರಿ," ಅಂದರು ಅಲ್ಲಿಯ ಅಧಿಕಾರಿ.

"ನಿಮ್ಮ ಮುಂದಽ ನಿಂತೇನಲ್ರಿ ನಾನು!"

"ಇಲ್ಲೆ ಅದೀರಿ, ಖರೇ. ಅಲ್ಲೆ ಇಲ್ಲಲ್ರಿ."

ಕಾಲು ಹಿಡಿಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ ಮೇಲೆ ಇನ್ನೊಮ್ಮೆ ಕಳಿಸಲು ಒಪ್ಪಿದರು. ಈ ಸಲ ನಾನೇ ಮನೆಮನೆಗೆ ಹೋಗಿ ಹೇಳಿದೆ. ಬರುವವನು ಸಾಲ ವಸೂಲಿ ಮಾಡುವವನಲ್ಲ, ಕೊಡುವವನು. ದಯವಿಟ್ಟು ಸುಳ್ಳು ಹೇಳಬೇಡಿ, ಇದ್ದದ್ದು ಇದ್ದಹಾಗೆ ಹೇಳಿ. ಎಲ್ಲರೂ ತಲೆಯಾಡಿಸಿದರು. ಆಯಿ ನನ್ನ ತಲೆಯ ಮೇಲೆ ಕೈಯಿಟ್ಟೇ ಮಾತು ಕೊಟ್ಟಳು.

ಆ ದಿನ ರಜೆ ಹಾಕಿ ಬಾಗಿಲಲ್ಲೇ ನಿಂತೆ. ಬಂದವನು ನನ್ನದೇ ವಯಸ್ಸಿನ ಬಡಕಲು ಹುಡುಗ. ಅವ್ವ ಮಾಡಿದ ಶಾವಿಗೆ ಪಾಯಸ ಕುಡಿದ, ಮನೆ ನೋಡಿದ, ಎಲ್ಲ ಛಲೋ ಐತ್ರಿ ಅಂದ. ಆಮೇಲೆ ಕಂಪನಿಯ ಕಟ್ಟಳೆಯಂತೆ ಎದುರು ಮನೆಗೆ ಹೋದ. ನಾನೂ ಹಿಂದೆ ಹೋದೆ.

"ಹೌದಪ್ಪಾ, ಇಲ್ಲೇ ಇರ್ತಾನ. ಬಂಗಾರದಂಥಾ ಹುಡುಗ," ಅಂದಳು ಆಯಿ. ನನಗೆ ಹೋದ ಜೀವ ಬಂದಂತಾಯಿತು.

"ಮೊನ್ನೆ ಇಲ್ಲ ಅಂದಿದ್ದಿ?" ಅವನು ನಗುತ್ತಲೇ ಕೇಳಿದ.

"ಮೊನ್ನೆ ನೀ ವಸೂಲಿಗೆ ಬಂದಾಂವ ಅಂತ ತಿಳ್ಕೊಂಡಿದ್ದೆ."

"ಕಂತು ಕಟ್ಟಲಿಲ್ಲಂದ್ರ ವಸೂಲಿಗೂ ನಾನಽ ಬರಾಂವ, ಆಯಿ. ಆವಾಗ ಏನಂತಿ?"

ಆಯಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಸುಳ್ಳು ಹೇಳಬೇಡ ಎಂದು ಅವಳ ಕೈ ಹಿಡಿದು ಬೇಡಿಕೊಂಡವನು ನಾನೇ.

"ಆವಾಗ ಮತ್ತ ಇಲ್ಲ ಅಂತೇನಿ," ಅಂದಳು. "ನಮ್ಮ ಹುಡುಗನ್ನ ನಿನ್ನ ಕೈಯಾಗ ಹೆಂಗ ಕೊಡ್ಲೋ?"

ಅವನ ನಗು ನಿಂತಿತು. ಬ್ಯಾಗು ಮುಚ್ಚಿಕೊಂಡು ತನ್ನ ಬೈಕಿನ ಹತ್ತಿರ ಬಂದು ನನಗೆ ಮೆಲ್ಲಗೆ ಹೇಳಿದ: "ಆಯಿ ಖರೇ ಹೇಳಿದ್ಲು. ನಾನೂ ಖರೇನ ಬರೀಬೇಕಲ್ರಿ. ನಾಳೆ ಈ ಓಣ್ಯಾಗ ಗಾಡಿ ಹುಡುಕಾಂವ ನಾನು. ತಪ್ಪು ತಿಳ್ಕೋಬ್ಯಾಡ್ರಿ." ಬೈಕು ಒಂದೇ ಒದೆತಕ್ಕೆ ಚಾಲೂ ಆಯಿತು. ನನ್ನ ಹೊಟ್ಟೆ ಉರಿದುಹೋಯಿತು.

ಸಾಲ ಮಂಜೂರಾಗಲಿಲ್ಲ. ಪ್ರೊಬೇಷನ್ ಮುಗಿದ ದಿನ ಮ್ಯಾನೇಜರ್ ಮತ್ತೆ ಚಹಾ ಕುಡಿಸಿದರು, ಬ್ಯಾಗು ವಾಪಸ್ ತೆಗೆದುಕೊಂಡರು. ಗಾಡಿ ಇದ್ದ ಹುಡುಗನೊಬ್ಬ ಸಿಕ್ಕಿದ್ದನಂತೆ.

ಮಧ್ಯಾಹ್ನವೇ ಓಣಿಗೆ ಬಂದುಬಿಟ್ಟೆ. ಒಳಗೆ ಅವ್ವ ಮಣೆಯ ಮುಂದೆ ಕೂತಿದ್ದಳು. ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಎದುರಿನ ಕಟ್ಟೆಯ ಮೇಲೆಯೇ ಉಳಿದೆ. ಯಾಕೆ ಇಷ್ಟು ಬೇಗ ಬಂದೆ ಎಂದು ಆಯಿ ಕೇಳಿದಳು. ಗಾಡಿ ಇಲ್ಲದ್ದಕ್ಕೆ ಕೆಲಸ ಹೋಯಿತು ಎಂದೆ. ಅವಳ ಮೇಲೆ ಸಿಟ್ಟು ಬರಲಿ ಎಂದು ಬಹಳ ಕಾದೆ, ಬರಲಿಲ್ಲ. ಸಿಟ್ಟಾದರೂ ಬಂದಿದ್ದರೆ ಅದನ್ನೇ ಹಿಡಿದುಕೊಂಡು ನಾಲ್ಕು ದಿನ ಕಳೆಯಬಹುದಿತ್ತು. ಅವಳು ನನ್ನ ಬೆನ್ನ ಮೇಲೆ ಕೈಯಾಡಿಸಿದಳು.

"ಹೋಗ್ಲಿ ಬಿಡೋ ತಮ್ಮಾ. ತಲಿ ಮ್ಯಾಲೆ ಸಾಲ ಇಲ್ಲಲ್ಲ, ಅಷ್ಟಽ ಸಾಕು. ಇನ್ನ ನಿನ್ನ ಹುಡುಕ್ಕೊಂಡು ಯಾರೂ ಬರೂದಿಲ್ಲ."

ಸಮಾಧಾನಕ್ಕೆಂದು ಆಡಿದ ಮಾತು. ಅದು ನಿಜವೂ ಆಯಿತು. ಆ ವರ್ಷ ಬರಲಿಲ್ಲ, ಮರುವರ್ಷವೂ ನನ್ನನ್ನು ಕೇಳಿಕೊಂಡು ಆ ಓಣಿಗೆ ಯಾರೂ ಬರಲಿಲ್ಲ, ಕೆಲಸದ ಕಾಗದ ತರುವ ಅಂಚೆಯವನೂ.