ಆನೆಯ ಕಾಲಡಿಯ ಸಿಪಾಯಿ

ಟಿಕ್ ಟಿಕ್ ಟಿಕ್ ಟಿಕ್. ಬಣ್ಣದ ಪುಟ್ಟ ಬಾಟಲಿಯೊಳಗೆ ಸೈಕಲ್ ಬೇರಿಂಗಿನ ಗುಂಡು ಕುಣಿಯುವ ಸದ್ದು. ತಳದಲ್ಲಿ ಕೂತ ಬಣ್ಣ ಚೆನ್ನಾಗಿ ಬೆರೆಯಲಿ ಎಂದು ಒಂದೊಂದು ಬಾಟಲಿಗೂ ಒಂದೊಂದು ಗುಂಡು ಹಾಕಿಟ್ಟಿದ್ದೆ. ಮಧ್ಯಾಹ್ನ ಜಗಲಿಯಲ್ಲಿ ಕೂತು ನಾನು ಬಾಟಲಿ ಅಲ್ಲಾಡಿಸಲು ಶುರುಮಾಡಿದರೆ ಸಾಕು, ಪಕ್ಕದ ಮನೆಯವಳು ಮೊರ ಹಿಡಿದು ಬಂದುಬಿಡುತ್ತಿದ್ದಳು. "ನಮ್ಮಕ್ಕೋರು ಗಿಲಕಿ ಆಡ್ಸಕ್ ಸುರು ಮಾಡುದ್ರು" ಎಂದು ಬೀದಿಗೆಲ್ಲ ಕೇಳುವಂತೆ ಸಾರಿ, ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ನನ್ನ ತಂಗಿಯ ಅಳಿಯ ಕೊಯಮತ್ತೂರಿನಲ್ಲಿ ಹಲ್ಲಿನ ಡಾಕ್ಟರ್. ಭಾನುವಾರ ಬಂದರೆ ಗೆಳೆಯರನ್ನು ಸೇರಿಸಿಕೊಂಡು, ದೊಡ್ಡ ಮೇಜಿನ ಮೇಲೆ ಹೆಬ್ಬೆರಳೆತ್ತರದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡುತ್ತಾನೆ. ಒಂದು ವಾರ ರೋಮನ್ನರ ಕಾಲ. ಇನ್ನೊಂದು ವಾರ ಇನ್ನೂ ಬಾರದ ಕಾಲ, ಸ್ಪೇಸ್‌ಶಿಪ್ಪು, ಹಸಿರು ಮೈಯ ರಾಕ್ಷಸರು. ಬೊಂಬೆಗಳು ಅಂಗಡಿಯಿಂದ ಬರುವುದು ಬರೀ ಬೂದಿ ಬಣ್ಣದಲ್ಲಿ. ಬಣ್ಣ ಹಚ್ಚುವ ಪೇಷನ್ಸ್ ಅವನಿಗಿಲ್ಲ, ನನಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರೊಬ್ಬರು ಕೂದಲೆಳೆಯಂಥ ಬ್ರಷ್ಷಿನಿಂದ ಕಾರ್ಡುಗಳ ಮೇಲೆ ಹೂ ಬರೆಯಲು ಕಲಿಸಿದ್ದರು. ಆ ಕೈ ಎಪ್ಪತ್ತು ದಾಟಿದ ಮೇಲೆ ದೊಡ್ಡಗಾಜನೂರಿನ ಜಗಲಿಯಲ್ಲಿ ಉಪಯೋಗಕ್ಕೆ ಬಂತು.

ಊರಿನಲ್ಲಿ ಇದನ್ನು ನೋಡಲು ಬರುತ್ತಿದ್ದವಳು ಅವಳೊಬ್ಬಳೇ.

"ಇದ್ಯಾವೂರ್ ದೆವ್ವ ಕಣಕ್ಕ, ಮಕವೆಲ್ಲ ಪಾಚಿ ಕಟ್ಟದ?"

"ದೆವ್ವ ಅಲ್ಲ. ಬೇರೆ ಗ್ರಹದವನು. ಸ್ಪೇಸ್ ಯುದ್ಧ."

"ಅಲ್ಲಿಗೋದ್ರೂ ಬಡದಾಡ್ತರ? ಅಂಗಾದ್ರ ನಮ್ ಅಳ್ಳಿನೇ ವಾಸಿ ಬುಡಿ."

ಹಾಗೆ ನಕ್ಕು ನಕ್ಕು ಸಂಜೆಯಾಗುತ್ತಿತ್ತು. ಅವಳು ನಗಲು ಶುರುಮಾಡಿ ಬಹಳ ದಿನವಾಗಿರಲಿಲ್ಲ. ಹಿಂದಿನ ವರ್ಷ ರಾಗಿ ಹೊಲ ಕಾಯಲು ಹೋಗಿದ್ದ ಅವಳ ಗಂಡನನ್ನು ಆನೆ ತುಳಿದಿತ್ತು. ಹೆಣ ಮನೆಗೆ ಬಂದಾಗ ಅವಳ ತಲೆ ನನ್ನ ಮಡಿಲಲ್ಲಿತ್ತು.

ಇದೆಲ್ಲ ಗೊತ್ತಿದ್ದೂ, ಅಳಿಯ ಬಣ್ಣಕ್ಕೆಂದು ಒಂದು ಆನೆಯ ಬೊಂಬೆ ಕಳಿಸಿದಾಗ ನಾನು ಒಪ್ಪಿಕೊಂಡೆ.

ಅದು ರೋಮನ್ನರ ಮೇಲೆ ನುಗ್ಗುವ ಯುದ್ಧದ ಆನೆ. ಬೆನ್ನಿನ ಮೇಲೆ ಅಂಬಾರಿ, ಅಂಬಾರಿಯಲ್ಲಿ ಬಿಲ್ಲುಗಾರರು. ಮುಂಗಾಲಿನ ಕೆಳಗೆ ಒಬ್ಬ ಸಿಪಾಯಿ, ಶಿರಸ್ತ್ರಾಣ ಕಳಚಿ, ಬಾಯಿ ತೆರೆದು ಬಿದ್ದಿದ್ದ. ಆನೆಗೆ ಬೂದಿ ಬಣ್ಣ ಬಳಿಯಲಿಲ್ಲ. ನಮ್ಮ ಕಡೆಯ ಆನೆಗಳಂತೆ ಕೆಮ್ಮಣ್ಣು ಎರಚಿಕೊಂಡ ಮೈ ಮಾಡಿದೆ. ಸಿಪಾಯಿಯ ಪಕ್ಕೆಯ ಬಳಿ ಕೆಂಪಿಗೆ ಕಂದು ಬೆರೆಸಿ, ಇನ್ನೂ ಹಸಿಯಾಗಿದೆ ಅನ್ನಿಸಲೆಂದು ಮೇಲೆ ಒಂದು ಹನಿ ವಾರ್ನಿಷ್ ಬಿಟ್ಟೆ. ಕನ್ನಡಕ ಹಣೆಗೇರಿಸಿ, ದೂರ ಹಿಡಿದು ನೋಡಿ, ಒಬ್ಬಳೇ ಕೂತಿದ್ದವಳು ಜೋರಾಗಿ "ಎಕ್ಸಲೆಂಟ್" ಅಂದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಬೆಳಿಗ್ಗೆ ಮಾತ್ರ ಅದರ ಕೆಲಸ. ಅವಳು ಬರುವ ಹೊತ್ತಿಗೆ ಅದರ ಮೇಲೆ ಒಂದು ಸ್ಟೀಲ್ ಬೋಸಿ ಕವುಚಿ ಹಾಕಿ, ಕೈಗೆ ಹಸಿರು ರಾಕ್ಷಸನನ್ನು ಎತ್ತಿಕೊಳ್ಳುತ್ತಿದ್ದೆ. ಅವಳ ಮನಸ್ಸು ನೋಯದಿರಲಿ ಎಂದು ಹೀಗೆ ಮಾಡುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಒಂದು ದಿನ ಕಾಳು ಜಾಸ್ತಿಯಾಗಿ ಮೊರ ತುಂಬಿತು. ನಾನು ಒಳಗೆ ಕಾಫಿ ಬೆರೆಸುತ್ತಿದ್ದೆ. ಕಾಳು ತುಂಬಿಕೊಳ್ಳಲು ಅವಳು ಬೋಸಿ ಎತ್ತಿದ್ದಾಳೆ. ನಾನು ಎರಡು ಲೋಟ ಹಿಡಿದು ಹೊರಗೆ ಬರುವಾಗ ಬೋಸಿ ಅವಳ ಕೈಯಲ್ಲಿತ್ತು, ಆನೆ ಬಿಸಿಲಿನಲ್ಲಿತ್ತು.

"ಅಡೀಲಿರವ್ನು ಯಾರಕ್ಕ?" ಅಂದಳು.

"ಯಾರೂ ಅಲ್ಲ. ಸುಮ್ಮನೆ ಒಬ್ಬ ಸಿಪಾಯಿ."

"ಎಸ್ರಿಲ್ವ ಅವ್ನ್ಗ?"

"ಹೆಸರಿಲ್ಲ ಕಣವ್ವ. ಆಟದ ಸಾಮಾನು."

ಬಗ್ಗಿ ನೋಡಿದಳು. "ಅವನ್ನ ಈಚ್ಗ ತಗೀರಕ್ಕ."

"ಬರಲ್ಲ. ಎಲ್ಲ ಒಂದೇ ಎರಕ. ತೆಗೆಯೋಕೆ ಹೋದರೆ ಆನೆ ಕಾಲು ಮುರಿಯುತ್ತೆ."

"ಮುರೀಲಿ ಬುಡಿ."

ಅಳಲಿಲ್ಲ, ರೇಗಲಿಲ್ಲ. ಹಾಲು ಉಕ್ಕಿದರೆ ಉಕ್ಕಲಿ ಬಿಡಿ ಅನ್ನುವ ಹಾಗೆ ಅಂದಳು. ನಾನು, ಇದು ಬೇರೆಯವರ ವಸ್ತು, ಅವರು ಕಾಯುತ್ತಿದ್ದಾರೆ, ಪಾರ್ಸೆಲ್ ಕಳಿಸಬೇಕು, ಅಂತೆಲ್ಲ ಹೇಳಿದೆ. "ಅಂಗಾ. ಸರಿ ಅಕ್ಕ" ಅಂದು, ಬೋಸಿಯನ್ನು ಮೊದಲಿದ್ದ ಹಾಗೆಯೇ ಆನೆಯ ಮೇಲೆ ಕವುಚಿ, ಕಾಳನ್ನು ಸೆರಗಿಗೆ ಸುರಿದುಕೊಂಡು ಹೋದಳು. ಕಾಫಿ ಅಲ್ಲೇ ಆರಿತು.

ಮಾರನೇ ದಿನ ಬಂದಳು. ಬಾರದೇ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೆಳಗಿನ ಮೆಟ್ಟಿಲಲ್ಲಿ ಕೂತು, ನನ್ನ ಮೇಜಿಗೆ ಬೆನ್ನು ಮಾಡಿ ಅವರೆಕಾಯಿ ಸುಲಿದಳು. ಮಳೆಯ ಮಾತು, ಕರುವಿನ ಮಾತು ಎಲ್ಲ ಆಯಿತು. ತಿರುಗಿ ಮಾತ್ರ ನೋಡಲಿಲ್ಲ.

ನೆಲದಂತೆ ಕಾಣಲು ಬೊಂಬೆಯ ಬುಡಕ್ಕೆ ಅಂಟು ಸವರಿ ಮರಳು ಉದುರಿಸುವುದುಂಟು. ಮರಳೂ ಅಂಟೂ ಮೇಜಿನ ಮೇಲೇ ಇದ್ದವು. ಸಿಪಾಯಿಯ ಮೇಲೆ ಒಂದು ಗುಡ್ಡೆ ಕಟ್ಟಿದ್ದರೆ ಅವನು ಮುಚ್ಚಿಹೋಗುತ್ತಿದ್ದ, ಆನೆಯ ಕಾಲು ಬರೀ ಮಣ್ಣಿನ ಮೇಲಿರುತ್ತಿತ್ತು. ಅಂಟಿನ ಮುಚ್ಚಳ ತೆಗೆದೂ ಇದ್ದೆ. ಆದರೆ ನನ್ನ ಕೈಯಿಂದ ಅಷ್ಟು ಚೆನ್ನಾಗಿ ಬಂದದ್ದು ಅದೊಂದೇ. ಮುಚ್ಚಳ ಹಾಕಿದೆ. ಆನೆಯನ್ನು ಹತ್ತಿಯಲ್ಲಿ ಸುತ್ತಿ ಕೊಯಮತ್ತೂರಿಗೆ ಕಳಿಸಿಬಿಟ್ಟೆ.

ಅಳಿಯನ ಮೆಸೇಜ್ ಬಂತು, ಫೋಟೋ ಸಮೇತ. "ಆಂಟಿ, ಕಾಲ ಕೆಳಗಿರೋನು ಸೂಪರ್! ಎಲ್ಲರೂ ಅವನನ್ನೇ ನೋಡುತ್ತಿದ್ದಾರೆ." ಓದಿದೆ, ಮತ್ತೊಮ್ಮೆ ಓದಿದೆ. ಖುಷಿಯಾಯಿತು. ಆಗ ಅವಳ ಬೆನ್ನು ನನ್ನ ಕಣ್ಣೆದುರಿಗೇ ಇತ್ತು. ಬೊಂಬೆಗೆ ಬಣ್ಣ ಹಚ್ಚಿದ್ದಕ್ಕಿಂತ ಆ ಖುಷಿಗೆ ನನಗೆ ಇವತ್ತಿಗೂ ಹೆಚ್ಚು ನಾಚಿಕೆ.

ಬೇಸಿಗೆಗೆ ಅವಳು ದನಗಳನ್ನು ಮೈದುನನಿಗೆ ಒಪ್ಪಿಸಿ, ಸತ್ಯಮಂಗಲದಲ್ಲಿ ಮಗಳ ಮನೆಗೆ ಹೋಗಿ ಇದ್ದುಬಿಟ್ಟಳು.

ಕೊನೆಯ ಸಲ ಅವಳನ್ನು ಕಂಡದ್ದು ಘಾಟಿಯ ತುದಿಯ ದಿಂಬಂನಲ್ಲಿ. ನಾನು ಕಣ್ಣು ತೋರಿಸಿಕೊಂಡು ಘಾಟಿ ಹತ್ತಿ ಬಂದಿದ್ದೆ; ಅವಳು ಊರಿನಲ್ಲಿ ಯಾರದೋ ಮದುವೆ ಮುಗಿಸಿ ಇಳಿಯುವವಳು. ಎರಡೂ ಬಸ್ಸು ಟೀ ಅಂಗಡಿಯ ಮುಂದೆ ನಿಂತಿದ್ದವು. ಅವಳೇ ಓಡಿಬಂದು ಕೈ ಹಿಡಿದಳು.

"ಕಣ್ಗೇನಂತ ಅಕ್ಕ?"

"ಪೊರೆ ಬಂದಿದೆಯಂತೆ."

"ಮತ್ತ ಬೊಂಬ?"

"ಬಿಟ್ಟುಬಿಟ್ಟೆ" ಅಂದೆ. ಬಿಟ್ಟಿರಲಿಲ್ಲ.

"ಆ ಆನ ಎಲ್ಲದ ಈಗ?"

"ಕೊಯಮತ್ತೂರಲ್ಲಿ. ಗಾಜಿನ ಬೀರುವಿನಲ್ಲಿಟ್ಟಿದ್ದಾರೆ."

"ಇನ್ನೂವ ಅವನ್ ಮ್ಯಾಲೇ ನಿಂತದ?"

ನಾನು ಟೀ ಲೋಟದೊಳಗೆ ನೋಡಿದೆ. ಅವಳ ಬಸ್ಸಿನ ಕಂಡಕ್ಟರ್ "ಏರುಂಗ, ಏರುಂಗ" ಎಂದು ತಮಿಳಿನಲ್ಲಿ ಕೂಗುತ್ತಾ ಬಾಗಿಲು ಬಡಿದ. ಅವಳು "ಕಣ್ ಜ್ವಾಪಾನ ಅಕ್ಕ" ಎಂದು ನನ್ನ ಕೈ ಬಿಟ್ಟು ಹತ್ತಿದಳು. ಜಾಗ ಸಿಕ್ಕಿದ್ದು ಆಚೆ ಬದಿಯ ಕಿಟಕಿಯಲ್ಲಿ. ಬಸ್ಸು ಮೊದಲ ತಿರುವಿಗೆ ಇಳಿಯುವವರೆಗೂ ಅವಳ ಬೆನ್ನಷ್ಟೇ ಕಾಣುತ್ತಿತ್ತು.