ಕಾರಿನ ಗಣಪನ ದೀಪ

ನಮ್ಮನೆಯವರಿಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿದ ಮೇಲೆ ಕಾರು ಗೇಟಿನಾಚೆ ನಿಂತಲ್ಲೇ ನಿಂತಿದೆ. ಮಾರೋಣ ಅಂತ ನಾನು ಬಾಯಿ ಬಿಟ್ಟಿಲ್ಲ. ಬೆಳಿಗ್ಗೆ ಕಾಫಿ ಆದಮೇಲೆ ಅವರದು ಅಂತ ಉಳಿದಿರೋ ಕೆಲಸ ಅದೊಂದೇ. ಡ್ರೈವರ್ ಸೀಟಿನಲ್ಲಿ ಕೂತು, ಎಡಗೈ ಅಡ್ಡ ಚಾಚಿ ಕೀ ತಿರುಗಿಸಿ, ಬ್ಯಾಟರಿ ಇಳಿಯದಿರಲಿ ಅಂತ ಸ್ವಲ್ಪ ಹೊತ್ತು ಇಂಜಿನ್ ಓಡಿಸೋದು. ಗೇರು ನ್ಯೂಟ್ರಲ್‌ನಲ್ಲಿದೆಯಾ ಅಂತ ಅಲ್ಲಾಡಿಸಿ ನೋಡಿ ನಾನು ಪಕ್ಕದಲ್ಲಿ ಕೂರುತ್ತೇನೆ. ಎದುರು ಮನೆಯ ಯಜಮಾನರು ಗಿಡಕ್ಕೆ ನೀರು ಬಿಡ್ತಾ, "ಏನ್ ಸಾರ್, ಇವತ್ತು ಎಲ್ಲಿಗೆ ಸವಾರಿ?" ಅಂತಾರೆ. ಇವರು ನಾಲಿಗೆ ಎಳೆದು, "ಕಾ... ಶಿಗೆ" ಅಂತಾರೆ. ಇವರು ನಗೋದು ದಿನಕ್ಕೆ ಅದೊಂದೇ ಸಲ.

ಈ ಬೇಸಿಗೆಯಲ್ಲಿ ಬಾನೆಟ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಮಡಕೆಗೆ ಹೊದಿಸೋ ಹಾಗೆ ಒದ್ದೆ ಗೋಣಿಚೀಲ ಹೊದಿಸಿದೆ, ನನಗೆ ಗೊತ್ತಿದ್ದದ್ದು ಅಷ್ಟೇ. ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಅಂದು ಸುಮ್ಮನಾಯಿತು. ಮತ್ತೆ ತಿರುಗಿಸಿದರು. ಮತ್ತೆ. ಎದುರು ಮನೆಯವರು ಪೈಪು ಅಲ್ಲೇ ಬಿಟ್ಟು, ಏನೂ ಕೇಳದೆ ಒಳಗೆ ಹೋದರು. "ಹೋಯ್ತು ಬಿಡು" ಅಂದ ಇವರು ಆವತ್ತಿನಿಂದ ಮಂಚ ಬಿಟ್ಟು ಏಳಲಿಲ್ಲ.

ಶ್ರೀರಾಂಪುರದ ಮೆಕ್ಯಾನಿಕ್ ಬ್ಯಾಟರಿ ಒಯ್ದು ಚಾರ್ಜ್ ಮಾಡಿ ತಂದ. "ಬಿಸಿಲಿಗೆ ನೀರು ಇಂಗಿತ್ತಮ್ಮ, ಡಿಸ್ಟಿಲ್ಡ್ ವಾಟರ್ ಹಾಕಿದೀನಿ. ನೆರಳಲ್ಲಿ ನಿಲ್ಸಿ. ಆದ್ರೆ ಇದೊಂದಿದ್ಯಲ್ಲ..." ಅಂತ ಡ್ಯಾಶ್‌ಬೋರ್ಡ್ ಮೇಲಿನ ಗಣಪನ ಮುಂದಿದ್ದ ಕೆಂಪು ಬಲ್ಬು ತೋರಿಸಿದ. ಕಾರು ಹೊಸದಾಗಿ ಬಂದಾಗ ಇವರೇ ಹಾಕಿಸಿದ್ದು. ನಂದಾದೀಪ ಆರಬಾರದು ಅಂತ ವೈರನ್ನು ನೇರ ಬ್ಯಾಟರಿಗೇ ಕೊಡಿಸಿದ್ದರು.

"ಹಗಲೂ ರಾತ್ರಿ ಕರೆಂಟ್ ಎಳೀತಿದೆ. ಓಡೋ ಗಾಡಿಗೆ ಗೊತ್ತಾಗ್ತಿರ್ಲಿಲ್ಲ. ನಿಂತ ಗಾಡಿ, ಮೇಲಿಂದ ಈ ಸೆಕೆ, ತಡೆಯಲ್ಲಮ್ಮ."

"ಹಾಗಾದ್ರೆ ಕಿತ್ತುಬಿಡಪ್ಪ."

"ಅಯ್ಯೋ, ದೇವ್ರ ದೀಪ ನಾನು ಆರಿಸಲ್ಲ. ನೀವೇ ಕೀಳಿ."

ಕೈ ಮುಂದೆ ಹೋಗಲಿಲ್ಲ. ಇವರು ಐಸಿಯುನಲ್ಲಿದ್ದಾಗ ಸಂಜೆ ಒಬ್ಬಳೇ ಆಟೋ ಇಳಿದು ಬಂದರೆ, ಗಾಜಿನೊಳಗೆ ಈ ಕೆಂಪು ಚುಕ್ಕೆ ಉರಿಯುತ್ತಿರುತ್ತಿತ್ತು. ಸದ್ಯ, ಇವರಿನ್ನೂ ಇದಾರೆ ಅಂತ ಒಳಗೆ ಹೋಗುತ್ತಿದ್ದೆ. ಅದನ್ನು ನನ್ನ ಕೈಯಾರೆ ಆರಿಸೋದು ಹೇಗೆ? ಆರಿಸದಿದ್ದರೆ ಇವರನ್ನು ಮಂಚದಿಂದ ಎಬ್ಬಿಸೋದು ಹೇಗೆ? ಮೆಕ್ಯಾನಿಕ್ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತಾ ಕಾದ. ಕೊನೆಗೆ ಒಳಗೆ ಹೋಗಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಂದೆ. "ಬಾಪ್ಪಾ, ಮನೆಗೆ ಹೋಗೋಣ" ಅಂತ ವೈರು ಎಳೆದು, ಗಣಪನನ್ನು ಸೆರಗಿನಲ್ಲಿ ಇಟ್ಟುಕೊಂಡೆ.

"ಬ್ಯಾಟರಿ ಈ ಬೇಸಿಗೆ ದಾಟುತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲಮ್ಮ" ಅಂದು ಅವನು ಹೊರಟ. ಅದನ್ನು ಇವರಿಗೆ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಹೇಗೋ ಹಿಡಿದು ಕರೆತಂದು ಕೂರಿಸಿದೆ. ಇವರು ಖಾಲಿ ಡ್ಯಾಶ್‌ಬೋರ್ಡ್ ನೋಡಿದರು. "ಗಣ... ಪ?"

"ಒಳಗಿದಾನೆ ರೀ. ದೀಪಾನೂ ಇದೆ."

ಎಡಗೈ ಅಡ್ಡ ಚಾಚಿ ಕೀ ತಿರುಗಿಸಿದರು. ಇಂಜಿನ್ ಕೊಸರಾಡಿತು, ನಿಂತಿತು, ಇನ್ನೊಂದು ಸಲಕ್ಕೆ ಹಿಡಿಯಿತು. ಎದುರು ಮನೆಯವರು ಇನ್ನೂ ಎದ್ದಿರಲಿಲ್ಲ. ನಾನೇ ಕೇಳಿದೆ, "ಎಲ್ಲಿಗೆ ರೀ ಇವತ್ತು?"

ಇವರು ಇಂಜಿನ್ ಸದ್ದಿಗೆ ಕಿವಿ ಕೊಟ್ಟು ಕೂತಿದ್ದರು. ಪಕ್ಕದ ಬೇವಿನಮರದ ನೆರಳು ಬಾನೆಟ್ ಮೇಲೆ ಇನ್ನೂ ಇತ್ತು. ಇವತ್ತಿಗೆ ಗಣಪ ಇಷ್ಟು ಕೊಟ್ಟನಲ್ಲ ಅಂದುಕೊಂಡೆ.